ದವಸದ ಕೋಣೆಯ ಬಾಗಿಲು

ಜನವರಿ 5, ಸೋಮವಾರ. ಬೆಳಿಗ್ಗೆ 6.10

ನಾಲ್ಕು ಬಕೆಟ್ ನೀರು. ನಾಲ್ಕು ಕಂತೆ ಹುಲ್ಲು. ಐದನೆಯ ಬಕೆಟ್ಟಿಗೆ ಕೈ ಹೋಯಿತು, ಇವತ್ತೂ. ಎರಡು ತಿಂಗಳಾಗುತ್ತಾ ಬಂತು, ಕೈಗೆ ಇನ್ನೂ ಬುದ್ಧಿ ಬಂದಿಲ್ಲ. ಆ ಬಕೆಟ್ಟನ್ನು ಬೋರಲು ಹಾಕಿ ಬಂದೆ.

ಮಂಜು. ದ್ರಾಕ್ಷಿ ತೋಟದ ಕಲ್ಲುಕಂಬಗಳೂ ಕಾಣುತ್ತಿಲ್ಲ. ಸುಲ್ತಾನ್ ಬಲಗಡೆಯ ಹಿಂಗಾಲನ್ನು ಸ್ವಲ್ಪ ಎತ್ತಿ ಎತ್ತಿ ಇಡುತ್ತಿದ್ದಾನೆ. ಏಜೆನ್ಸಿಯಿಂದ ಬಂದಿರುವ ಇಬ್ಬರನ್ನು ಕೇಳಿದೆ. ‘ಚಳಿ ಮೇಡಂ’ ಅಂದರು. ಕುದುರೆ ಏನು ಮಾಡಿದರೂ ಅವರ ಪ್ರಕಾರ ಚಳಿ. ಬೇಸಿಗೆಯಲ್ಲಿ ಏನು ಹೇಳುತ್ತಾರೋ ನೋಡಬೇಕು.

ಕೀರ್ತನ ಮೇಡಂ ವಾಯ್ಸ್ ಮೆಸೇಜ್ ಹಾಕಿದ್ದಾರೆ. ಹಿಂದಿನ ಎಕರೆಯಲ್ಲಿ ಹೊಸ ಲಾಯ ಕಟ್ಟುವುದು ಗ್ಯಾರಂಟಿ. ಹನ್ನೆರಡು ಕುದುರೆಗೆ. ‘ಶಶಿ, ಇಂಜಿನಿಯರ್ ಆಮೇಲೆ ನೋಡ್ಲಿ. ದಿನಾ ಒಳಗೆ ಓಡಾಡೋರು ಮೊದಲು ಪ್ಲಾನ್ ಬರೀಬೇಕು. ಮೇವು ಎಲ್ಲಿ, ಔಷಧಿ ಎಲ್ಲಿ, ಜೀನು ಎಲ್ಲಿ, ಎಲ್ಲಾ ನೀವೇ ಹಾಕಿ. ಐ ಟ್ರಸ್ಟ್ ಯೂ.’

ಟ್ರಸ್ಟ್ ಅಂತೆ.

ಜಾಗ ನಮ್ಮದು, ಕುದುರೆ ಮತ್ತು ರೈಡಿಂಗ್ ಸ್ಕೂಲು ಅವರದು, ಮ್ಯಾನೇಜರಿಕೆ ನನ್ನದು. ‘ಲದ್ದಿ ಮಾತ್ರ ಎಲ್ಲರದೂ’ ಎಂದು ಮುನಿರಾಜ್ ಸೇರಿಸುವುದುಂಟು. ಗಂಡನ ಹಾಸ್ಯಕ್ಕೆ ನಾಲ್ಕು ವರ್ಷದಿಂದ ಅದೇ ಒಂದು ಸಾಲು.

ಮಗಳು ಹರ್ಷಿತಳ ಜಾಮಿಟ್ರಿ ಬಾಕ್ಸು, ಗ್ರಾಫ್ ಹಾಳೆ ಇಸಿದುಕೊಂಡೆ. ಒಂದು ಚೌಕ ಒಂದು ಅಡಿ. ಒಂದೊಂದು ಕುದುರೆ ನಿಲ್ಲುವ ಬಾಕ್ಸ್‌ಗಳು ಹನ್ನೆರಡಕ್ಕೆ ಹನ್ನೆರಡು, ಎದುರುಬದುರು ಆರಾರು, ನಡುವೆ ದಾರಿ. ಜೀನು-ಲಗಾಮಿನ ಕೋಣೆ. ಮೈತೊಳೆಯುವ ಕಟ್ಟೆ. ಹುಲ್ಲಿನ ಅಟ್ಟ. ಗೊಬ್ಬರದ ಗುಂಡಿ. ಚೆನ್ನಾಗಿಯೇ ಬಂತು.

ದವಸದ ಕೋಣೆ — ಕೊನೆಯಲ್ಲಿ ಹಾಕಿದರಾಯಿತು.

ಜನವರಿ 7, ಬುಧವಾರ. ಮಧ್ಯಾಹ್ನ

ಮೂರು ಹಾಳೆ ಹಾಳಾದವು. ಎಲ್ಲಾ ಹಾಕಿ, ಆ ಕೋಣೆಯ ಬಾಗಿಲು ಯಾವ ಕಡೆಗೆ ಎನ್ನುವಲ್ಲಿಗೆ ಬಂದರೆ ಪೆನ್ಸಿಲ್ ನಿಲ್ಲುತ್ತದೆ. ಸರಿ, ಒಮ್ಮೆ ಬರೆದುಬಿಡುತ್ತೇನೆ. ಇಲ್ಲಿ ಓದುವವರು ಯಾರೂ ಇಲ್ಲ.

ನವೆಂಬರ್ 10. ಕಾರ್ತೀಕ ಸೋಮವಾರ. ಈಗ ಕುದುರೆಗಳ ಬೂಸ, ಹುರುಳಿ, ಬಾರ್ಲಿ ಇಡುವ ಕೋಣೆ ಮೊದಲು ನಮ್ಮ ಮನೆಯ ದವಸದ ಕೋಣೆ. ರಾಗಿಯ ಮೂಟೆ ಇರುತ್ತಿದ್ದದ್ದು ಅಲ್ಲೇ. ಅತ್ತೆ ಮದುವೆಯಾಗಿ ಬಂದಾಗಿನಿಂದ ಕಾರ್ತೀಕ ಸೋಮವಾರ ಅದರ ಹೊಸಲಿನ ಮೇಲೆ ದೀಪ. ದೀಪ ಉರಿಯುವಷ್ಟು ಹೊತ್ತು ಬಾಗಿಲು ತೆರೆದೇ ಇರಬೇಕು, ಬೀಗ ಕೂಡದು. ಲಕ್ಷ್ಮಿ ಬರುವ ಹೊತ್ತಂತೆ. ಕುದುರೆ ಬಂದ ಮೇಲೆ ಕೀರ್ತನ ಮೇಡಂ ರೂಲ್ ಮಾಡಿದ್ದರು: ಆ ಬಾಗಿಲಿಗೆ ಸದಾ ಬೀಗ. ಒಂದು ಕೀ ನನ್ನ ಹತ್ತಿರ, ಒಂದು ಕುದುರೆ ನೋಡಿಕೊಳ್ಳುವ ಚಿನ್ನಸ್ವಾಮಣ್ಣನ ಹತ್ತಿರ. ಅತ್ತೆಗೆ ಬೇಜಾರಾಗಬಾರದು ಅಂತ ವರ್ಷಕ್ಕೆ ನಾಲ್ಕು ಸೋಮವಾರ ನಾನೇ ಕದ್ದು ತೆಗೆಯುತ್ತಿದ್ದೆ. ದೀಪ ಇಟ್ಟು, ಆರುವವರೆಗೆ ಅಲ್ಲೇ ಕಲ್ಲಿನ ಮೇಲೆ ಕುಳಿತಿದ್ದು, ಬೀಗ ಹಾಕಿ ಬರುವುದು. ಮೂರು ವರ್ಷ ಹಾಗೇ ನಡೆಯಿತು.

ಆ ದಿನ ಕೂರಲಿಲ್ಲ. ದೀಪ ಇಟ್ಟು ಬಂದೆ. ಅಡುಗೆಮನೆಯಲ್ಲಿ ಕಡಲೆ ಉಸ್ಲಿ ಒಲೆ ಮೇಲಿತ್ತು. ಅಕ್ಕನ ಫೋನ್ ಬಂತು. ಬ್ಲೌಸಿನ ತೋಳಿನ ವಿಚಾರ. ತೋಳು ಉದ್ದ ಇಡಿಸಲೋ ಮೊಳಕೈವರೆಗೆ ಸಾಕೋ. ನಡುವೆ ಚಿನ್ನಸ್ವಾಮಣ್ಣ ಹಿತ್ತಲ ಬಾಗಿಲಿಗೆ ಬಂದರು, ಏನೋ ಹೇಳಲು ಬಾಯಿ ತೆಗೆದರು. ನಾನು ಕೈಸನ್ನೆಯಲ್ಲೇ ‘ಆಮೇಲೆ’ ಎಂದು, ಒಂದು ದೊನ್ನೆ ಉಸ್ಲಿ ಕೊಟ್ಟು ಕಳಿಸಿದೆ. ಬಾಗಿಲಿನ ನೆನಪು ಮತ್ತೆ ಬರಲೇ ಇಲ್ಲ.

ಡಚ್ಚಿ. ನಮ್ಮ ಐದನೆಯ ಕುದುರೆ. ರೇಸ್ ಕಾಗದದಲ್ಲಿ ಅವಳ ಹೆಸರು ಮಿಡ್‌ನೈಟ್ ಡಚೆಸ್. ಊರಲ್ಲಿ ಡಚ್ಚಿ. ತುಟಿಯಿಂದಲೇ ತನ್ನ ಬಾಕ್ಸಿನ ಚಿಲಕ ಸರಿಸಿ ಹೊರಬರುವ ಕಳ್ಳಿ. ‘ಕೆಳಗಡೆ ಇನ್ನೊಂದು ಚಿಲಕ ಹಾಕ್ಸಿ ಶಶಮ್ಮ’ ಎಂದು ಚಿನ್ನಸ್ವಾಮಣ್ಣ ಎರಡು ಸಲ ಹೇಳಿದ್ದರು. ಹಾಕಿಸಿರಲಿಲ್ಲ, ಅದೂ ನಾನೇ. ಒಣ ಹುರುಳಿ, ಬಾರ್ಲಿ — ಎಷ್ಟು ತಿಂದಳೋ. ಕುದುರೆಗೆ ವಾಂತಿ ಆಗುವುದಿಲ್ಲ, ತಿಂದದ್ದು ಹೊಟ್ಟೆಯಲ್ಲೇ ಉಬ್ಬುತ್ತದೆ. ದನ ಆಗಿದ್ದರೆ ಡಾಕ್ಟರ್ ಏನಾದರೂ ಮಾಡುತ್ತಿದ್ದರು. ದನ ಸಾಕಿದ ಮನೆ ನಮ್ಮದು, ದವಸದ ಬಾಗಿಲು ತೆರೆದಿದ್ದರೆ ಒಂದೇ ರಾತ್ರಿಯಲ್ಲಿ ಜೀವ ಹೋಗುತ್ತದೆ ಎನ್ನುವುದು ನಮ್ಮ ತಲೆಗೆ ಬರುವ ಮಾತೇ ಅಲ್ಲ. ಡಾಕ್ಟರ್ ಮೂಗಿನಿಂದ ಹೊಟ್ಟೆಗೆ ಟ್ಯೂಬ್ ಹಾಕಿದರು. ಚಿನ್ನಸ್ವಾಮಣ್ಣ ರಾತ್ರಿಯಿಡೀ ಅವಳನ್ನು ನಡೆಸಿದರು. ಬೆಳಗಿನ ಜಾವ ಬಿದ್ದವಳು ಏಳಲಿಲ್ಲ.

ಮುಂದಿನದು ಬರೆಯಬೇಕು. ಕೀರ್ತನ ಮೇಡಂ ವೈಟ್‌ಫೀಲ್ಡಿನಿಂದ ಹೊರಟಿದ್ದೇನೆ ಎಂದು ಫೋನ್ ಮಾಡಿದರು. ನಾನು ಹೋಗಿ ಹೊಸಲಿನ ಮೇಲಿದ್ದ ಹಣತೆ ತೆಗೆದೆ. ಎಣ್ಣೆಯ ಕಲೆಯನ್ನು ಸೋಪಿನ ಪುಡಿ ಹಾಕಿ ಉಜ್ಜಿ ತೊಳೆದೆ. ಕುದುರೆ ಇನ್ನೂ ಅಂಗಳದಲ್ಲಿ ಮಲಗಿತ್ತು.

ಅವರು ಬಂದು ‘ಫೀಡ್ ರೂಮ್ ಓಪನ್ ಬಿಟ್ಟಿದ್ದು ಯಾರು?’ ಅಂದರು. ನಾನು ಮಾತಾಡಲಿಲ್ಲ. ಚಿನ್ನಸ್ವಾಮಣ್ಣ ನೆಲ ನೋಡಿದರು. ಎರಡು ಕೀ, ಇಬ್ಬರು ಜನ, ಅದರಲ್ಲಿ ಒಬ್ಬರು ಲಾಯದ ಕೆಲಸದವರು. ಯಾರ ಮೇಲೆ ಬೀಳುತ್ತದೆ ಅನ್ನುವುದು ಗೊತ್ತೇ ಇತ್ತು. ಆ ದಿನವೇ ಚಿನ್ನಸ್ವಾಮಣ್ಣ ಟ್ರಂಕ್ ತೆಗೆದುಕೊಂಡು ಬಸ್ ಹತ್ತಿದರು.

ಬರೆದಾಯಿತು. ಹಗುರವೇನೂ ಆಗಲಿಲ್ಲ.

ಜನವರಿ 10, ಶನಿವಾರ

ಸುಲ್ತಾನನ ಕಾಲು ಚಳಿ ಅಲ್ಲ. ಗೊರಸಿನೊಳಗೆ ಕೀವು. ಡಾಕ್ಟರ್ ಬಂದು ಕೊರೆದು ತೆಗೆದರು. ‘ಐದು ದಿನ ಮುಂಚೆ ಕಾಣಬೇಕಿತ್ತು. ಮುಂಚೆ ಒಬ್ಬರು ವಯಸ್ಸಾದವರು ಇದ್ದರಲ್ಲ?’ ಅಂದರು. ಬಿಸಿನೀರು ತರುವ ನೆಪದಲ್ಲಿ ಒಳಗೆ ಹೋದೆ.

ಕೀರ್ತನ ಮೇಡಂ ಬಂದಿದ್ದರು. ಹೊಸ ಲಾಯಕ್ಕೆ ಹೆಡ್ ಸೈಸ್, ಅಂದರೆ ಕುದುರೆ ನೋಡಿಕೊಳ್ಳುವವರಿಗೆಲ್ಲ ಮೇಲಿನವರು, ಬೇಕು, ಹುಡುಕಿ ಅಂದರು.

‘ಇಪ್ಪತ್ತು ವರ್ಷ ರೇಸ್ ಕುದುರೆ ನೋಡಿದೋರು ಸಿಕ್ತಾರಾ ಮೇಡಂ ಈಗ?’ ಅಂದೆ. ಏನು ಧೈರ್ಯ ನನ್ನದು, ಇಷ್ಟು ಸುತ್ತಿ ಬಳಸಿ.

ಅವರು ದವಸದ ಕೋಣೆಯ ಕಡೆ ನೋಡಿದರು. ‘ಚಿನ್ನಸ್ವಾಮಿ ಥರದೋರು ಬೇಕು ಶಶಿ. ಚಿನ್ನಸ್ವಾಮಿ ಬೇಡ. ಆ ಬಾಗಿಲು ನೋಡಿದಾಗೆಲ್ಲಾ ನಂಗೆ ಅವರ ಮುಖ ನೆನಪಾಗುತ್ತೆ.’

ನನಗೂ ನೆನಪಾಗುತ್ತದೆ ಎನ್ನಲಿಲ್ಲ.

ಜನವರಿ 15, ಗುರುವಾರ. ಸಂಕ್ರಾಂತಿ

ಅತ್ತೆ ಎರಡು ಹಸುವಿಗೂ ಮೈತೊಳೆಸಿ, ಕೊಂಬಿಗೆ ಬಣ್ಣ ಹಚ್ಚಿಸಿ, ಪೊಂಗಲ್ ತಿನ್ನಿಸಿದರು. ಬಾಳೆ ಎಲೆಯಲ್ಲಿ ಇನ್ನಷ್ಟು ಪೊಂಗಲ್ ಹಾಕಿಕೊಂಡು ಕುದುರೆಗಳ ಕಡೆ ಹೊರಟರು. ಓಡಿ ಹೋಗಿ ಎಲೆ ಕಿತ್ತುಕೊಂಡೆ. ನನ್ನ ಧ್ವನಿ ಜೋರಾಗಿಬಿಟ್ಟಿತು.

‘ಅಯ್ಯೋ, ಹಬ್ಬದ ದಿನ ಬಾಯಿಲ್ಲದ ಜೀವಕ್ಕೆ ಒಂದ್ ತುತ್ತು ಕೊಟ್ರೆ ಏನಾಯ್ತದೆ?’

‘ಕುದುರೆಗೆ ಆಗಲ್ಲ ಅತ್ತೆ. ಹೊಟ್ಟೆ ಕೆಡುತ್ತೆ.’

ಅತ್ತೆ ಎಲೆ ನೋಡಿದರು, ನನ್ನನ್ನು ನೋಡಿದರು. ಆಮೇಲೆ ಮೆಲ್ಲಗೆ, ‘ಕಾರ್ತೀಕದ್ ಹಣತೆಲಿ ಒಂದು ಕಮ್ಮಿ ಐತೆ ಕಣಮ್ಮ. ಐದಿದ್ವು, ನಾಲ್ಕೇ ಅವೆ’ ಅಂದರು.

‘ಒಡೆದಿರಬೇಕು’ ಅಂದೆ.

ಒಡೆದಿಲ್ಲ. ಅಕ್ಕಿ ಡ್ರಮ್ಮಿನ ಹಿಂದೆ ಪ್ಲಾಸ್ಟಿಕ್ ಕವರಿನಲ್ಲಿದೆ. ಬಿಸಾಕಬಹುದಿತ್ತು. ಅದೂ ಕೈಲಾಗಲಿಲ್ಲ.

ಜನವರಿ 26, ಸೋಮವಾರ

ಹನ್ನೊಂದು ದಿನ ಬರೆದಿಲ್ಲ. ಬರೆಯುವಂಥದ್ದೇನೂ ಮಾಡಿರಲಿಲ್ಲ.

ಹರ್ಷಿತ ಶಾಲೆಯ ಬ್ಯಾಂಡಿನಲ್ಲಿ ಡ್ರಮ್ ಬಾರಿಸುತ್ತಾಳೆ ಅಂತ ಹೊಸಕೋಟೆಗೆ ಹೋದೆ. ಗಣರಾಜ್ಯೋತ್ಸವದ ಮೆರವಣಿಗೆ. ಬ್ಯಾಂಡಿನ ಹಿಂದೆ ಒಂದು ಬಿಳಿ ಕುದುರೆ, ಮದುವೆಗೆ ಬಾಡಿಗೆ ಕೊಡುತ್ತಾರಲ್ಲ ಅಂಥದ್ದು. ಮೇಲೆ ಕಿತ್ತೂರು ಚೆನ್ನಮ್ಮನ ವೇಷದ ಪುಟ್ಟ ಹುಡುಗಿ, ಕೈಯಲ್ಲಿ ರಟ್ಟಿನ ಕತ್ತಿ. ಲಗಾಮು ಹಿಡಿದವರು ಚಿನ್ನಸ್ವಾಮಣ್ಣ.

ಕೆಂಪು ಕೋಟು, ಎರಡು ಅಳತೆ ದೊಡ್ಡದು. ಜರಿ ಪೇಟ. ರೇಸಿನಲ್ಲಿ ಗೆದ್ದ ಕುದುರೆಗಳನ್ನು ಹಿಡಿದು ನಡೆದವರು. ಪಟಾಕಿ ಸಿಡಿದಾಗಲೆಲ್ಲಾ ಕುದುರೆ ಬೆಚ್ಚುತ್ತಿತ್ತು, ಇವರು ಅದರ ಕಿವಿಗೆ ಏನೋ ಹೇಳುತ್ತಿದ್ದರು. ಬಾಯಿಯ ಕಬ್ಬಿಣ ತುಟಿ ಕೊರೆಯುವಲ್ಲಿ ತಮ್ಮ ಟವೆಲ್ಲನ್ನೇ ಹರಿದು ಸುತ್ತಿದ್ದರು. ಬಾಡಿಗೆಯವರ ಕುದುರೆಗೂ.

ಕಂಬದ ಮರೆಗೆ ಸರಿದೆ. ನೋಡಿಬಿಟ್ಟರು.

‘ಸುಲ್ತಾನ್ ಹೆಂಗವ್ನೆ ಮೇಡಂ?’

ಮೇಡಂ. ನಾಲ್ಕು ವರ್ಷ ಶಶಮ್ಮ ಎಂದು ಕರೆದ ಬಾಯಿ.

‘ಕಾಲಲ್ಲಿ ಕೀವು ಆಗಿತ್ತು ಚಿನ್ನಸ್ವಾಮಣ್ಣ. ಈಗ ಪರವಾಗಿಲ್ಲ.’

‘ಬಲಗಡೆ ಹಿಂದಿಂದಾ? ಅದು ಮಳೆಗಾಲದಿಂದ್ಲೂ ಹಂಗೇ. ದಿನಾ ಒಂದ್ಸಲ ಗೊರಸು ಎತ್ತಿ ಮೂಸಿ ನೋಡ್ಬೇಕು. ವಾಸನೆಲೇ ಗೊತ್ತಾಗುತ್ತೆ.’

ಮೆರವಣಿಗೆ ಮುಂದಕ್ಕೆ ಹೋಯಿತು, ಅವರೂ ಹೋದರು. ಬೈಗುಳ ಒಂದೂ ಇಲ್ಲ. ನಾಲ್ಕು ಜನರ ಎದುರು ಛೀ ಥೂ ಎಂದಿದ್ದರೆ ನಾನು ಮನೆಗೆ ಬಂದು ನೆಮ್ಮದಿಯಾಗಿ ಅತ್ತುಬಿಡುತ್ತಿದ್ದೆ.

ಹರ್ಷಿತ ಚೆನ್ನಾಗಿ ಬಾರಿಸಿದಳಂತೆ. ನಾನು ಕೇಳಿಸಿಕೊಳ್ಳಲಿಲ್ಲ.

ಜನವರಿ 29, ಗುರುವಾರ. ಸಂಜೆ

ಹೋದೆ. ಗ್ರಾಫ್ ಹಾಳೆ ಸುರುಳಿ ಸುತ್ತಿಕೊಂಡು. ಹೊಸಕೋಟೆ ಕೆರೆಯ ಹಿಂಭಾಗ, ಚಿನ್ನಸ್ವಾಮಣ್ಣನ ಶೀಟಿನ ಮನೆ. ಹೆಂಡತಿ ಭಾಗ್ಯಮ್ಮ ಕಾಫಿ ಕೊಟ್ಟರು, ಗಂಡ ಕೆಲಸ ಕಳೆದುಕೊಂಡ ಲಾಯದ ಮ್ಯಾನೇಜರಿಗೆ. ಸ್ಟೀಲ್ ಲೋಟ ಅಲ್ಲ, ಶೋಕೇಸಿನಿಂದ ತೆಗೆದ ಪಿಂಗಾಣಿ ಕಪ್ಪು. ಬೇಡ ಅನ್ನಲಾಗಲಿಲ್ಲ, ಕುಡಿದೆ.

‘ಹೊಸ ಸ್ಟೇಬಲ್‌ಗೆ ಪ್ಲಾನ್ ಹಾಕಿದೀನಿ ಚಿನ್ನಸ್ವಾಮಣ್ಣ. ಒಂದ್ಸಲ ನೋಡ್ತೀರಾ?’

ಕನ್ನಡಕ ಹಾಕಿಕೊಂಡು ನೆಲದ ಮೇಲೆ ಹಾಸಿದರು. ಬೆರಳು ಇಟ್ಟು ಇಟ್ಟು ನಡೆಸಿದರು, ಲಾಯದೊಳಗೇ ಓಡಾಡುತ್ತಿರುವವರಂತೆ.

‘ಹುಲ್ಲು ಕುದುರೆ ತಲೆ ಮೇಲೆ ಅಟ್ಟದಲ್ಲಾ? ಬೇಡಿ. ಬೆಂಕಿ ಬಿದ್ರೆ ಒಂದೂ ಉಳಿಯಲ್ಲ. ಧೂಳು ಬೇರೆ, ಕೆಮ್ಮು ಬರುತ್ತೆ. ಅರವತ್ತು ಅಡಿ ಆಚೆ ಶೆಡ್ ಹಾಕ್ಸಿ. ನೆಲದಿಂದ ಎತ್ತರಕ್ಕೆ ಹಲಗೆ, ಅದರ ಮೇಲೆ ಹುಲ್ಲು. ಒದ್ದೆ ಆಗಿ ಬೂಷ್ಟು ಬಂದಿದ್ದು ದನ ತಿಂದ್ಕೊಳ್ಳುತ್ತೆ, ಕುದುರೆಗೆ ಆಗಲ್ಲ.’

ಬರೆದುಕೊಂಡೆ.

‘ಗೊಬ್ಬರದ ಗುಂಡಿ ಪಕ್ಕ ನೀರಿನ ತೊಟ್ಟಿ. ಯಾರ ಐಡಿಯಾ ಇದು?’

‘ನಂದೇ.’

ನಕ್ಕರು. ಭಾಗ್ಯಮ್ಮನೂ ನಕ್ಕರು. ನಾನೂ. ಒಂದು ಗಳಿಗೆ ಎಲ್ಲಾ ಮೊದಲಿನಂತೆಯೇ ಇತ್ತು.

‘ಕಾಯಿಲೆ ಕುದುರೆಗೆ ಬೇರೆ ಬಾಕ್ಸ್ ಇಟ್ಟಿದೀರಿ, ಒಳ್ಳೇದು. ಆದ್ರೆ ಅಲ್ಲಿಂದ ಮಿಕ್ಕ ಕುದುರೆ ಕಾಣಂಗೆ ಇರ್ಲಿ. ಒಂಟಿ ಆದ್ರೆ ಮೇವು ಬಿಟ್ಬಿಡ್ತವೆ. ಮೇಲೆ ಒಂದು ಗಟ್ಟಿ ತೊಲೆ ಹಾಕ್ಸಿ. ಬಿದ್ದ ಕುದುರೇನ ಪಟ್ಟಿ ಕಟ್ಟಿ ಎತ್ತಕ್ಕೆ.’ ಹಾಳೆಯಿಂದ ಬೆರಳು ಎತ್ತಿದರು. ‘ಅವತ್ತು ತೊಲೆ ಇರ್ಲಿಲ್ಲ.’

ಆಮೇಲೆ ಬೆರಳು ಹಾಳೆಯ ತುಂಬಾ ಓಡಾಡಿ ನಿಂತಿತು. ‘ದವಸದ ಕೋಣೆ ಎಲ್ಲಿ ಮೇಡಂ?’

ಹೇಳಿದೆ. ಒಂದೇ ಉಸಿರಿಗೆ. ದೀಪ, ಬೀಗ, ಅಕ್ಕನ ಫೋನು, ಬೆಳಿಗ್ಗೆ ಹೊಸಲು ತೊಳೆದದ್ದು, ಡ್ರಮ್ಮಿನ ಹಿಂದಿನ ಹಣತೆ. ಭಾಗ್ಯಮ್ಮ ಕಪ್ಪು ಎತ್ತಿಕೊಂಡು ಒಳಗೆ ಹೋದರು. ಅವರಿಗೆ ಇದು ಹೊಸದು ಎನ್ನುವುದು ಬೆನ್ನಿನಲ್ಲೇ ಗೊತ್ತಾಯಿತು.

ಚಿನ್ನಸ್ವಾಮಣ್ಣನಿಗೆ ಹೊಸದಲ್ಲ.

‘ನಾನು ನೋಡಿದ್ದೆ ಮೇಡಂ. ಏಳು ಗಂಟೆ ಇರ್ಬೇಕು. ಬಾಗಿಲು ತೆಗ್ದಿತ್ತು. ಹಾಕಣ ಅಂತ ಹೋದೆ. ಹೊಸಲ ಮೇಲೆ ದೀಪ ಉರೀತಿತ್ತು. ಬಾಗಿಲು ಹಾಕ್ಬೇಕಂದ್ರೆ ದೀಪ ಎತ್ತಬೇಕು. ಕಾರ್ತೀಕದ ದೀಪ, ಅದೂ ಇನ್ನೊಬ್ರ ಮನೇದು... ಉರಿಯೋ ದೀಪಾನ ನಾನು ಹೆಂಗೆ ಎತ್ತಲಿ? ಸ್ವಲ್ಪ ಹೊತ್ತು ಕಾವಲು ಕೂತಿದ್ದೆ. ಆಮೇಲೆ ನಿಮ್ಗೆ ಹೇಳಣ ಅಂತ ಬಂದೆ.’

ಹಿತ್ತಲ ಬಾಗಿಲು.

‘ನೀವು ಫೋನಲ್ಲಿದ್ರಿ. ದೊನ್ನೆ ಕೊಟ್ರಿ. ಅಲ್ಲೇ ಕಟ್ಟೆ ಮೇಲೆ ಕೂತು ತಿಂದೆ. ಬಿಸಿ ಇತ್ತು, ನಿಧಾನಕ್ಕೆ ತಿಂದೆ. ಆಚೆಯಿಂದ ನಿಮ್ಮತ್ತೆ ಅಮ್ಮಾವ್ರು ಮಾತಾಡ್ಸಿದ್ರು, ನನ್ ಮಗಳ ಬಾಣಂತನದ ವಿಚಾರ. ಹಂಗೇ ಹೊತ್ತಾಯ್ತು. ನೀವು ಹೋಗಿ ಬೀಗ ಹಾಕಿರ್ತೀರಿ ಅನ್ಕೊಂಡೆ. ಎದ್ದು ನೋಡ್ಲಿಲ್ಲ. ಕುದುರೆ ನನ್ ವಶದಲ್ಲಿತ್ತು ಮೇಡಂ. ನೋಡೂ ಹಾಕ್ಲಿಲ್ಲ ಅಂದ್ಮೇಲೆ ತಪ್ಪು ನಂದೇ. ಅದಕ್ಕೇ ಅವತ್ತು ಸುಮ್ನಿದ್ದೆ.’

ಈ ಎರಡೂವರೆ ತಿಂಗಳು ನಾನು ಅಂದುಕೊಂಡಿದ್ದೇ ಬೇರೆ. ಪಾಪ, ನನ್ನನ್ನು ಉಳಿಸಲು ಬಾಯಿ ಮುಚ್ಚಿಕೊಂಡರು ಅಂತ. ನನ್ನನ್ನಲ್ಲ. ಅವರು ತಮ್ಮ ಪಾಲಿನ ತಪ್ಪನ್ನು ಹೊತ್ತುಕೊಂಡು ಹೋಗಿದ್ದರು, ಅಷ್ಟೇ. ನಾನು ನನ್ನದನ್ನೂ ಅದೇ ಟ್ರಂಕಿನಲ್ಲಿ ಹಾಕಿ ಕಳಿಸಿದ್ದೆ.

‘ಕೀರ್ತನ ಮೇಡಂಗೆ ನಾನು ಹೇಳ್ತೀನಿ’ ಎಂದೆ.

ಅವರು ಹಾಳೆಯನ್ನು ಸುರುಳಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ ಕೊಟ್ಟರು.

ಫೆಬ್ರವರಿ 3, ಮಂಗಳವಾರ

ಹೇಳಲಿಲ್ಲ.

ಹೇಳಬೇಕು ಎಂದೇ ಹೊಸ ಹಾಳೆ ಹಿಡಿದು ಕುಳಿತಿದ್ದೆ. ಕೀರ್ತನ ಮೇಡಂ ನೋಡುತ್ತಾ ಹೋದರು. ಹುಲ್ಲಿನ ಶೆಡ್ ಅರವತ್ತು ಅಡಿ ಆಚೆ. ಕಾಯಿಲೆ ಬಾಕ್ಸಿನಿಂದ ಮಿಕ್ಕ ಕುದುರೆಗಳು ಕಾಣುವ ಕಿಟಕಿ. ಎತ್ತುವ ತೊಲೆ. ಪ್ರತಿ ಬಾಕ್ಸಿಗೂ ಕೆಳಗೊಂದು, ಮೇಲೊಂದು ಚಿಲಕ.

‘ವಾವ್ ಶಶಿ. ಇದೆಲ್ಲಾ ಎಲ್ಲಿ ಕಲಿತ್ರಿ? ನಂಗೇ ಹೊಳೆದಿರ್ಲಿಲ್ಲ. ಒಂಟಿ ಕುದುರೆ ಮೇವು ಬಿಡುತ್ತೆ ಅನ್ನೋದು... ಸೂಪರ್.’

‘ನೋಡ್ತಾ ನೋಡ್ತಾ ಬರುತ್ತೆ ಮೇಡಂ’ ಅಂದೆ.

ಅಂದೆ! ಈ ಬಾಯಿಂದಲೇ. ಕೆಲಸ ಕಳೆದದ್ದು ಸಾಲದು ಎಂದು ಅವರ ತಲೆಯಲ್ಲಿದ್ದದ್ದನ್ನೂ ನನ್ನದು ಮಾಡಿಕೊಂಡೆ. ಹೊಗಳಿಸಿಕೊಂಡು ಮುಖ ಬೇರೆ ಅರಳಿತು, ಅದು ನನಗೇ ಗೊತ್ತಾಯಿತು.

ದವಸದ ಕೋಣೆಯ ಜಾಗ ಇನ್ನೂ ಖಾಲಿ. ‘ಇದು?’ ಅಂದರು. ವಾಸ್ತು ಕೇಳಬೇಕು ಅಂದೆ. ಥೂ.

ಫೆಬ್ರವರಿ 8, ಭಾನುವಾರ. ಮಧ್ಯಾಹ್ನ

ಅಕ್ಕಿ ತೆಗೆಯಲು ಹೋಗಿ ಅತ್ತೆಗೆ ಹಣತೆ ಸಿಕ್ಕಿತು. ಕವರಿನ ಸಮೇತ ತಂದು ನನ್ನ ಮುಂದೆ ಇಟ್ಟರು. ಅವರೆಕಾಯಿ ಸುಲಿಯುತ್ತಿದ್ದೆ, ಸುಲಿಯುತ್ತಲೇ ಇದ್ದೆ.

‘ಅವತ್ತಿಂದಾ?’

‘ಹೂಂ ಅತ್ತೆ.’

ಅವರೂ ಎದುರು ಕುಳಿತು ಕಾಯಿ ಕೈಗೆ ತೆಗೆದುಕೊಂಡರು. ನಮ್ಮ ಅತ್ತೆ ಆದಿಲಕ್ಷ್ಮಮ್ಮ ಎಂದರೆ ಊರಲ್ಲಿ ಬಾಯಿ ಜೋರು ಅಂತ ಹೆಸರು. ಒಂದು ಹಿಡಿ ಕಾಯಿ ಸುಲಿದು ಮುಗಿಸಿದರು. ಆಮೇಲೆ, ‘ನಾನೇ ಯೋಳ್ತೀನಿ ಬುಡೇ. ದೀಪ ಇಕ್ಕಿದ್ದು ನಾನು, ಬಾಗ್ಲು ಮರ್ತಿದ್ದೂ ನಾನೇ ಅಂತ. ಎಪ್ಪತ್ತೆರಡು ವರ್ಷದ ಮುದ್ಕಿ. ನನ್ನ ಯಾರು ಕೆಲ್ಸದಿಂದ ತೆಗೀತಾರೆ?’

ನಗು ಬಂತು. ಅದರ ಹಿಂದೆಯೇ ಅಳು. ನನ್ನ ತಪ್ಪು ಹೊರಲು ಜನ ಕ್ಯೂ ನಿಂತಿದ್ದಾರೆ, ನಾನು ಮಾತ್ರ ಕ್ಯೂನಲ್ಲಿಲ್ಲ. ಬರೆದುಬಿಡುತ್ತೇನೆ: ಒಂದು ನಿಮಿಷ ‘ಹೂಂ’ ಅನ್ನಬೇಕು ಅನ್ನಿಸಿತು. ಒಂದು ನಿಮಿಷವಲ್ಲ, ಅರ್ಧ ಬುಟ್ಟಿ ಕಾಯಿ ಸುಲಿಯುವಷ್ಟು ಹೊತ್ತು. ಎಲ್ಲಾ ಸರಿಹೋಗುತ್ತಿತ್ತು. ಚಿನ್ನಸ್ವಾಮಣ್ಣ ವಾಪಸ್ ಬರುತ್ತಿದ್ದರು, ಕೀರ್ತನ ಮೇಡಂ ಅತ್ತೆಗೆ ಏನೂ ಅನ್ನುತ್ತಿರಲಿಲ್ಲ, ನಾನು ಮ್ಯಾನೇಜರ್.

‘ಬೇಡ ಅತ್ತೆ.’

‘ಯಾಕೆ?’

‘ಬಾಗಿಲು ತೆಗೆದಿದ್ದಕ್ಕೆ ನೀವು ಬರ್ತೀರಿ. ಹೊಸಲು ತೊಳೆದಿದ್ದಕ್ಕೆ ಯಾರು ಬರ್ತಾರೆ?’

ಅತ್ತೆ ಹಣತೆಯನ್ನು ಸೆರಗಿನಿಂದ ಒರೆಸಿ, ಉಳಿದ ನಾಲ್ಕರ ಜೊತೆ ಇಟ್ಟರು.

ಫೆಬ್ರವರಿ 9, ಸೋಮವಾರ

ಹೇಳಿದೆ.

ಕುದುರೆ ಬಿಡುವ ಪ್ಯಾಡಾಕಿನ ಬೇಲಿ ಹತ್ತಿರ, ನಿಂತುಕೊಂಡೇ. ಮೊದಲು ಪ್ಲಾನ್ ನನ್ನದಲ್ಲ ಎನ್ನುವುದು, ಆಮೇಲೆ ಬಾಗಿಲು, ಕೊನೆಗೆ ಹೊಸಲು. ಸುಲಭದ್ದರಿಂದ ಶುರು ಮಾಡಿದೆ, ಅದರಲ್ಲೂ ಹೇಡಿತನ. ಕೀರ್ತನ ಮೇಡಂ ಹೆಲ್ಮೆಟ್ಟಿನ ಬೆಲ್ಟು ಬಿಚ್ಚುತ್ತಿದ್ದರು, ಬಿಚ್ಚಿದ ಮೇಲೂ ಅದನ್ನೇ ಹಿಡಿದುಕೊಂಡಿದ್ದರು.

‘ಡಚ್ಚಿ ವಿಷಯ ನಾನು ತಡ್ಕೋತೀನಿ ಶಶಿ. ಆಕ್ಸಿಡೆಂಟ್. ನಂಗೂ ಆಗ್ಬಹುದಿತ್ತು.’ ಧ್ವನಿ ಏರಲಿಲ್ಲ. ‘ಆದ್ರೆ ಅವತ್ತು ಬೆಳಿಗ್ಗೆ ನಾನು ಅವ್ರಿಗೆ ಏನೇನು ಅಂದೆ ಅಂತ ನೆನಪಿದ್ಯಾ? ಕುಡಿದಿದ್ರಾ ಅಂತ ಕೇಳ್ದೆ. ಹೆಣ್ಣುಮಕ್ಕಳು ಕಲಿಯೋ ಸ್ಕೂಲು, ನಿಮ್ಮಂಥೋರನ್ನ ಇಟ್ಕೊಳ್ಳಲ್ಲ ಅಂದೆ. ನೀವು ಅಲ್ಲೇ ನಿಂತಿದ್ರಿ. ಟೀ ಲೋಟ ಹಿಡ್ಕೊಂಡು.’

ಟೀ ಲೋಟ ಮರೆತಿದ್ದೆ. ನಿಜ. ಟೀ ಕುಡಿಯುತ್ತಿದ್ದೆ.

‘ಕೀ ಕೊಡಿ.’

ಸೊಂಟದಿಂದ ತೆಗೆದು ಕೊಟ್ಟೆ. ಉಳಿದದ್ದು ತಿಂಗಳ ಕೊನೆಗೆ ಮಾತಾಡೋಣ ಅಂದರು. ಕಾರು ಹತ್ತಿ ಗ್ಲಾಸು ಇಳಿಸಿ, ‘ಹೊಸಕೋಟೆಗೆ ಹೋಗ್ತಿದೀನಿ. ನನ್ನ ಪಾಲಿನ ಸಾರಿ ನಾನೇ ಹೇಳ್ಬೇಕು. ನೀವು ಬರಬೇಡಿ’ ಅಂದರು.

ಮುನಿರಾಜ್ ರಾತ್ರಿ ಊಟಕ್ಕೆ ಕುಳಿತಾಗ ಎಲ್ಲಾ ಕೇಳಿದ. ತನ್ನ ಒಂದು ಸಾಲಿನ ಹಾಸ್ಯ ಹೇಳಲಿಲ್ಲ. ಮುದ್ದೆ ಮುರಿದು ನನ್ನ ತಟ್ಟೆಗೂ ಅರ್ಧ ಹಾಕಿದ.

ಫೆಬ್ರವರಿ 19, ಗುರುವಾರ

ಚಿನ್ನಸ್ವಾಮಣ್ಣ ಬಂದು ನಾಲ್ಕು ದಿನ ಆಯಿತು. ಹೆಡ್ ಸೈಸ್. ಬಂದವರು ಮೊದಲು ಸುಲ್ತಾನನ ಗೊರಸು ಎತ್ತಿ ಮೂಸಿದರು. ಆ ಕುದುರೆ ಅವರ ಅಂಗಿಯ ಕಾಲರ್ ಹಿಡಿದು ಎಳೆದಾಡಿಬಿಟ್ಟಿತು. ಏಜೆನ್ಸಿಯ ಇಬ್ಬರಿಗೆ ಈಗ ಚಳಿ ಹೋಗಿದೆ.

ಇವತ್ತು ಸುಣ್ಣದ ಪುಡಿಯಲ್ಲಿ ಗುರುತು ಹಾಕಿದೆವು. ಮೇಸ್ತ್ರಿ, ಚಿನ್ನಸ್ವಾಮಣ್ಣ, ಟೇಪಿನ ಈ ತುದಿ ಹಿಡಿಯಲು ನಾನು. ದವಸದ ಕೋಣೆಗೆ ಅವರೇ ಜಾಗ ತೋರಿಸಿದರು. ಬಾಕ್ಸ್‌ಗಳ ದಾರಿಗೆ ಬೆನ್ನು ಹಾಕಿ, ಬಾಗಿಲು ಮನೆಯ ಕಡೆಗೆ. ಒಳಗೆ ಮುಚ್ಚಳದ ತಗಡಿನ ಪೆಟ್ಟಿಗೆಗಳು, ಇಲಿ ಬಾರದ ಹಾಗೆ. ಬಾಗಿಲು ತಾನೇ ಮುಚ್ಚಿಕೊಳ್ಳುವ ಸ್ಪ್ರಿಂಗ್.

ನಾನು ಸುಮ್ಮನೆ ಟೇಪು ಹಿಡಿದಿದ್ದೆ. ಆಗ ಮೇಸ್ತ್ರಿಗೆ ಹೇಳಿದರು: ‘ಬಾಗಿಲ ಪಕ್ಕ, ಹೊರಗಡೆ ಗೋಡೆಲಿ ಒಂದು ಗೂಡು ಬಿಡಪ್ಪ. ದೀಪ ಇಡಕ್ಕೆ. ಗಾಳಿ ಹೊಡೀಬಾರ್ದು, ಸ್ವಲ್ಪ ಆಳ ಇರ್ಲಿ.’

ಮೇಸ್ತ್ರಿ ಎಷ್ಟು ಎತ್ತರಕ್ಕೆ ಎಂದ.

ಚಿನ್ನಸ್ವಾಮಣ್ಣ ನನ್ನ ಕಡೆ ತಿರುಗಿದರು. ‘ದೀಪ ಹಚ್ಚೋರು ಇವ್ರು. ಕೈ ಎತ್ತಿ ತೋರ್ಸಿ ಮೇಡಂ.’

ಗೋಡೆಯೇ ಇಲ್ಲದ ಬಯಲಿನಲ್ಲಿ ಕೈ ಎತ್ತಿ ನಿಂತೆ. ಅವರು ಟೇಪು ನನ್ನ ಬೆರಳಿಗೆ ತಾಗಿಸಿ ಅಳೆದರು. ನಾಲ್ಕು ಅಡಿ ಎರಡು ಅಂಗುಲ. ‘ದೀಪ ಹೊರಗೆ ಉರೀಲಿ, ಬೀಗ ಬೀಗದ ಪಾಡಿಗೆ ಇರ್ಲಿ. ಅಮ್ಮಾವ್ರಿಗೂ ಆಯ್ತು, ಕುದುರೆಗೂ ಆಯ್ತು.’

ಇಷ್ಟೇ ಆಗಿತ್ತು. ಒಂದು ಗೂಡು. ಮೂರು ವರ್ಷದಲ್ಲಿ ನನಗೆ ಹೊಳೆಯಲಿಲ್ಲ.

ಇನ್ನೂ ಮೇಡಂ ಎಂದೇ ಕರೆಯುತ್ತಾರೆ.

ಫೆಬ್ರವರಿ 20, ಶುಕ್ರವಾರ. ಬೆಳಿಗ್ಗೆ 6.30

ನಾಲ್ಕು ಬಕೆಟ್. ಐದನೆಯದಕ್ಕೆ ಕೈ ಹೋಗಲಿಲ್ಲ. ಹೋಗಲಿಲ್ಲವಲ್ಲಾ ಎಂದು ಒಂದು ಥರ ಸಂಕಟವಾಯಿತು.

ಈಗ ಎರಡೂ ಕೀ ಚಿನ್ನಸ್ವಾಮಣ್ಣನ ಹತ್ತಿರ. ಬೂಸ ಬೇಕೆಂದರೆ ನಾನು ಹೋಗಿ ಕೇಳಬೇಕು, ನಮ್ಮದೇ ಮನೆಯ ಹಳೆ ದವಸದ ಕೋಣೆಗೆ. ಕೇಳಿದೆ. ಬಂದು ಬೀಗ ತೆಗೆದು ಬಾಗಿಲು ಅಗಲ ಮಾಡಿ ಪಕ್ಕಕ್ಕೆ ನಿಂತರು. ಅಳೆದುಕೊಂಡೆ. ಹೊಸಲು ದಾಟುವಾಗ ನೆಲ ನೋಡಿದೆ. ಸೋಪಿನ ಪುಡಿಯಲ್ಲಿ ಉಜ್ಜಿದ ಕಡೆ ಕಲ್ಲು ಇನ್ನೂ ಬೆಳ್ಳಗಿದೆ, ಎಣ್ಣೆ ಕಲೆಗಿಂತ ಎದ್ದು ಕಾಣುತ್ತದೆ. ಅವರು ಇದನ್ನು ಎಂದೋ ನೋಡಿರಬೇಕು.

ಹೊರಗೆ ಬಂದೆ. ಅವರು ಬೀಗ ಹಾಕಿ ಒಮ್ಮೆ ಎಳೆದು ನೋಡಿದರು. ಎರಡು ಹೆಜ್ಜೆ ಹೋದವರು ವಾಪಸ್ ಬಂದು ಇನ್ನೊಮ್ಮೆ ಎಳೆದರು. ಈಗ ಇದು ಅವರ ಅಭ್ಯಾಸ ಆಗಿದೆಯಂತೆ, ಬಾಡಿಗೆ ಕುದುರೆ ಲಾಯದಲ್ಲೂ ಹೀಗೇ ಮಾಡುತ್ತಿದ್ದರಂತೆ. ಆಮೇಲೆ ನನ್ನ ಮುಖ ನೋಡಿ ಸರಿದು ಜಾಗ ಬಿಟ್ಟರು.

‘ನೀವೂ ಒಂದ್ಸಲ ಎಳ್ದು ನೋಡಿ.’

ಬೂಸದ ಬಕೆಟ್ ಕೆಳಗಿಟ್ಟೆ. ಎಳೆದೆ. ಬೀಗ ಬಿದ್ದಿತ್ತು. ಗಟ್ಟಿಯಾಗಿಯೇ ಬಿದ್ದಿತ್ತು. ಕೈ ತೆಗೆದೆ, ಮತ್ತೆ ಎಳೆದೆ. ಅವರು ಹೋಗದೆ ಅಲ್ಲೇ ನಿಂತಿದ್ದರು. ನಾನು ಮತ್ತೊಮ್ಮೆ ಎಳೆದು ನೋಡಿ, ಬಕೆಟ್ ಎತ್ತಿಕೊಂಡೆ.